ಅಳಿಸಿದ ಹಳದಿ ದೀಪ

ಭಾವನ ಹೆಬ್ಬೆರಳು ಫೋನಿನಲ್ಲಿ ಕಾರಿನ ದೋಷ ತೋರಿಸುವ ಆ್ಯಪ್‌ನ ‘ಅಳಿಸು’ ಗುಂಡಿಯ ಮೇಲೆ ಇಳಿಯುವ ಮೊದಲೇ, ಕಾರು ಓಡಿಸುತ್ತಿದ್ದ ಮೆಕ್ಯಾನಿಕ್ ಬಾಮೈದ ಅವನ ಮಣಿಕಟ್ಟು ಹಿಡಿದ. ಸ್ಟೀರಿಂಗಿನ ಹಿಂದೆ ಎಂಜಿನ್ ದೋಷ ಸೂಚಿಸುವ ಹಳದಿ ದೀಪ ಹೊತ್ತಿಕೊಂಡಿತ್ತು. ಮುನ್ನೂರು ಕುದುರೆ ಶಕ್ತಿಯ ಕಾರು ತಾನೇ ಶಕ್ತಿ ಕುಗ್ಗಿಸಿಕೊಳ್ಳುವ ‘ಲಿಂಪ್ ಮೋಡ್’ಗೆ ಬಿದ್ದು, ಎಷ್ಟು ಒತ್ತಿದರೂ ಮುನಿದ ಎಮ್ಮೆಯಂತೆ ತೆವಳುತ್ತಿತ್ತು. ಹಿಂದಿನ ಬಸ್ಸು ಹಾರ್ನಿನಲ್ಲೇ ಬೈಯುತ್ತಿತ್ತು.

“ಮೂರು ಸಲ ಗ್ಯಾರೇಜಿಗೆ ತಂದಿದೀರ ಭಾವ!” ಮೆಕ್ಯಾನಿಕ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಿರುಚಿದ. “ಮೂರು ಸಲಾನೂ ನನ್ನ ಸ್ಕ್ಯಾನರ್ ‘ದೋಷ ಇಲ್ಲಾ, ದೋಷ ಇಲ್ಲಾ’ ಅಂತ ರಾಗ ಎಳೀತು. ಎರಡು ಸೆನ್ಸರ್ ಸುಮ್‌ಸುಮ್ನೆ ಬದಲಾಯಿಸಿದೆ. ದೋಷದ ಕೋಡ್ ಅಳಿಸ್ತಾ ಇದ್ದಿದ್ದು ನೀವಾ? ಕಳ್ಳತನ ಆದ ಮನೇನ ಗುಡಿಸಿ ಒರೆಸಿ ಆಮೇಲೆ ಪೊಲೀಸ್ರನ್ನ ಕರೀತಾರಾ ಯಾರಾದ್ರೂ?”

“ಮೆಲ್ಲಗೆ ಕಣೋ.” ಭಾವ ಹಿಂದಿನ ಸೀಟಿನಲ್ಲಿದ್ದ ಹೆಂಡತಿಯತ್ತ ಕಣ್ಣು ಹೊರಳಿಸಿ ಪಿಸುಗುಟ್ಟಿದ. “ದೀಪ ಕಂಡ್ರೆ ನಿಮ್ಮಕ್ಕ ಗಾಡೀನೇ ಮಾರಿಸಿಬಿಡ್ತಾಳೆ.”

“ಮೆಲ್ಲಗೆ ಕಣೋ!” ಮೆಕ್ಯಾನಿಕ್ ಅದೇ ದನಿಯಲ್ಲಿ ಅಣಕಿಸಿ ಫೋನ್ ಕಿತ್ತುಕೊಂಡ. “ನೋಡಿ, ಟರ್ಬೋ ಪೈಪಿನಲ್ಲಿ ಗಾಳಿ ಸೋರ್ತಿದೆ. ಒಂದು ಕ್ಲ್ಯಾಂಪ್ ಬಿಗಿ ಮಾಡಿದ್ರೆ ಮುಗೀತಿತ್ತು. ಇವತ್ತು ಬೆಳಿಗ್ಗೇನೂ ಅಳಿಸಿದೀರಲ್ಲ, ಕೊನೇ ಸಲ ಅಳಿಸಿ ಬರೀ ಮೂವತ್ತು ಕಿಲೋಮೀಟರ್ ಆಗಿದೆ.”

“ಬೆಳಿಗ್ಗೆ ನಾನು ಗಾಡಿ ಮುಟ್ಟೇ ಇಲ್ಲ! ನಿಮ್ಮಕ್ಕ ತಾನೆ ತಗೊಂಡು ಹೋಗಿದ್ದು?”

ಇಬ್ಬರೂ ಒಟ್ಟಿಗೆ ತಿರುಗಿದರು. ಹಿಂದಿನ ಸೀಟಿನಲ್ಲಿ ಅಕ್ಕ ಅದೇ ಆ್ಯಪ್ ತೆರೆದಿದ್ದ ತನ್ನ ಫೋನನ್ನು ಮೆಲ್ಲನೆ ಕೈಚೀಲದೊಳಗೆ ಜಾರಿಸುತ್ತಿದ್ದಳು.

“ಹೈವೇಲಿ ಒಂಚೂರು ಜೋರಾಗಿ ತುಳಿದಿದ್ದೆ, ಅಷ್ಟೇ,” ಎಂದಳು. “ದೀಪ ನೋಡಿದ್ರೆ ಇವರು ಇನ್ಮೇಲೆ ನನಗೆ ಕೀಲಿ ಕೊಡಲ್ಲ ಅಂತ…”