ದಿಂಬಿನೊಳಗಿನ ಕಂತೆ

ಹೊಲಿಗೆ ಬಿಚ್ಚಿ ದಿಂಬಿನೊಳಗೆ ಕೈ ಹಾಕಿದಾಗ ಅವಳ ಬೆರಳಿಗೆ ಸಿಕ್ಕಿದ್ದು ಒಂದು ರಬ್ಬರ್ ಬ್ಯಾಂಡು. ಅವಳು ಎಂದೂ ಅದನ್ನು ಹಾಕಿದವಳಲ್ಲ. ನಾಲ್ಕು ವರ್ಷಗಳಿಂದ, ಗಂಡ ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು, ಅಕ್ಕಪಕ್ಕದವರ ಬಟ್ಟೆ ಹೊಲಿದು ಬಂದ ನೋಟುಗಳನ್ನು ಉಂಡೆ ಮಾಡಿ ಹತ್ತಿಯ ನಡುವೆ ತುರುಕುತ್ತಿದ್ದಳು, ಅಷ್ಟೇ.

ಈಗ ಹೊರಗೆ ಬಂದದ್ದು ಅಚ್ಚುಕಟ್ಟಾದ ಕಂತೆ. ಒಂದೊಂದು ನೋಟಿನ ಸುಕ್ಕನ್ನೂ ತೀಡಲಾಗಿತ್ತು. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಎಲ್ಲದರ ಮುಖವೂ ಒಂದೇ ಕಡೆಗೆ. ಅಂಗಡಿಯಲ್ಲಿ ಕ್ಯಾಷಿಯರ್ ಆಗಿದ್ದ ಅವಳ ಗಂಡ ನೋಟು ಜೋಡಿಸುತ್ತಿದ್ದುದೇ ಹಾಗೆ. ಅವನು ಒಂದನ್ನೂ ತೆಗೆದುಕೊಂಡಿರಲಿಲ್ಲ. ಅದಕ್ಕೇ ಅವಳ ಎದೆ ಝಲ್ಲೆಂದಿತು.

“ಮುದುರಿ ಇಟ್ರೆ ನೋಟು ಹಾಳಾಗುತ್ತೆ ಕಣೆ.”

ಅಂಗಡಿಗೆ ಹೋದನೆಂದುಕೊಂಡಿದ್ದ ಗಂಡ ಬಾಗಿಲಲ್ಲಿ ನಿಂತಿದ್ದ. ಅವಳು ಕಟ್ಟಿಟ್ಟ ಬಟ್ಟೆಯ ಚೀಲವನ್ನು ನೋಡಿದ. ಮೊನ್ನೆ ತಾನು ತಿರುಚಿದ್ದ ಅವಳ ಮಣಿಕಟ್ಟನ್ನೂ ನೋಡಿದ.

“ಯಾವಾಗಿಂದ ಗೊತ್ತು?” ಅವಳು ಕೇಳಿದಳು.

“ಮೊದಲಿಂದಾನೂ ಗೊತ್ತು. ಎಲ್ಲಿವರೆಗೂ ಹೋಗ್ತೀಯ ಅಂತ ಸುಮ್ನಿದ್ದೆ. ನಿನ್ನೆ ಜೋಡಿಸಿಟ್ಟೆ.” ಅವನ ದನಿ ಒಂದಿಷ್ಟೂ ಏರಲಿಲ್ಲ. “ನಿಮ್ಮಕ್ಕಂಗೂ ಈಗ ಫೋನ್ ಮಾಡ್ದೆ. ಪಾಪ, ಬಸ್ ಸ್ಟ್ಯಾಂಡಲ್ಲಿ ನಿನಗೋಸ್ಕರ ಎಷ್ಟೊತ್ತು ಕಾಯ್ತಾಳೆ? ಮನೆಗೆ ಹೋಗು ಅಂದೆ. ಹೋದ್ಲು.”

ಅವನು ಕುರ್ಚಿ ಎಳೆದುಕೊಂಡು ಕೂತ. ಏನು ಮಾಡೆಂದೂ ಹೇಳಲಿಲ್ಲ. ಅವಳು ಕಂತೆಯನ್ನು ಮತ್ತೆ ಹತ್ತಿಯೊಳಗೆ ಇಟ್ಟು, ಸೂಜಿಗೆ ದಾರ ಪೋಣಿಸಿ, ಅವನ ಕಣ್ಣೆದುರಿಗೇ ದಿಂಬನ್ನು ಹೊಲಿಯತೊಡಗಿದಳು.