ಕಾಂಪೌಂಡ್ ಗೋಡೆ

"ಹುಚ್ಚಾಸ್ಪತ್ರೆಗೆ ಕಾಂಪೌಂಡೇ ಇಲ್ಲ! ಇಂಥ ನಕ್ಷೆಗೆ ನಗರಸಭೆ ದುಡ್ಡು ಕೊಡ್ಬೇಕಾ? ಅವ್ರು ಹೊರಗೆ ಬಂದು ನಮ್ಮ ಮಕ್ಕಳನ್ನ ಕೊಂದ್ರೆ?"

ನಗರಸಭೆಯ ಮೀಟಿಂಗಿನಲ್ಲಿ ಹೀಗೆ ಕೂಗುತ್ತಲೇ ಹಿರಿಯ ಸದಸ್ಯ ಕುರ್ಚಿ ಎತ್ತಿ ಬೀಸಿದ. ನಕ್ಷೆ ಬರೆದಾಕೆ ತಿಂಗಳುಗಟ್ಟಲೆ ಕೂತು ಮಾಡಿದ್ದ ಆಸ್ಪತ್ರೆಯ ಥರ್ಮೋಕೋಲ್ ಮಾದರಿ ಪುಡಿಪುಡಿಯಾಯಿತು. ತಡೆಯಲು ಬಂದ ಗುಮಾಸ್ತನ ಹಲ್ಲು ಉದುರಿತು. ಮತ್ತೊಮ್ಮೆ ಬೀಸಿದ್ದಕ್ಕೆ ಅವಳ ಹುಬ್ಬೇ ಸೀಳಿ, ಕಣ್ಣಿಗೆ ರಕ್ತ ಇಳಿಯಿತು.

ಹೆದರಿ ಓಡುವ ಹೆಣ್ಣಲ್ಲ ಅವಳು. ಗಾಯಕ್ಕೆ ಸೆರಗು ಒತ್ತಿಕೊಂಡೇ ಹೇಳಿದಳು:

"ಗೋಡೆ ಬೇಡ ಅಂದಿದ್ದು ನಾನು ಸರ್. ಹಳೇ ಆಸ್ಪತ್ರೇಲಿರೋ ರೋಗಿಗಳನ್ನ ಕೇಳ್ದೆ. ಅವರೆಲ್ಲ ಬೇಕೇ ಬೇಕು ಅಂದ್ರು."

"ನೋಡಿದ್ರಾ! ಹುಚ್ಚರಿಗಿರೋ ಬುದ್ಧಿ ಇವಳಿಗಿಲ್ಲ!" ಸದಸ್ಯ ಕುರ್ಚಿ ಇಳಿಸಿ ಗಹಗಹಿಸಿ ನಕ್ಕ. "ಎಷ್ಟೆತ್ತರ ಬೇಕಂತೆ?"

"ರಸ್ತೇಲಿ ನಿಂತು ನಾವು ಹೊಡೆಯೋ ಕಲ್ಲು ಒಳಗೆ ಬೀಳದಷ್ಟು."