ಹಾಗಲ್ಲ, ಹೀಗೆ

"ನಿಲ್ಸು. ಹಾಗಲ್ಲ."

ಪಿಟೀಲು ಟೀಚರ್ ಕೈಯೆತ್ತಿದ್ದೇ ತಡ, ಹುಡುಗಿಯ ಕಮಾನು ತಂತಿಯ ಮೇಲೆ ಅರ್ಧಕ್ಕೇ ನಿಂತಿತು. ಜೊತೆಗೆ ಪಿಯಾನೋ ನುಡಿಸುತ್ತಿದ್ದವನೂ ಕೈ ತೆಗೆದು ಟೀಚರ್ ಮುಖ ನೋಡಿದ. ತಪ್ಪೇನಾಯಿತೆಂದು ಅವನಿಗೆ ತಿಳಿಯಲಿಲ್ಲ. ತಪ್ಪೇನೂ ಆಗಿರಲಿಲ್ಲ. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಪೋರಿ, ಮೇಲೇರುವ ಆ ಕಷ್ಟದ ಸಾಲನ್ನು ಉಸಿರಾಡಿದಷ್ಟು ಸಲೀಸಾಗಿ ನುಡಿಸಿದ್ದಳು, ಅಷ್ಟೆ. ಅದೇ ಸಾಲಿಗೆ ಅರ್ಧ ಆಯಸ್ಸು ಸವೆಸಿದ್ದ ಟೀಚರ್‌ಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು.

"ಕೊಡಿಲ್ಲಿ," ಎಂದು ಹುಡುಗಿಯ ಪಿಟೀಲನ್ನೇ ಇಸಿದುಕೊಂಡು ಗದ್ದದಡಿ ಒತ್ತಿ ನುಡಿಸಿ ತೋರಿಸಿದಳು. ಸ್ವರಗಳೆಲ್ಲ ಸರಿಯಾಗಿದ್ದವು. ಆದರೆ ತುದಿಯ ಸ್ವರಕ್ಕೆ ಮೊದಲು ಮಣಿಕಟ್ಟು ಎಂದಿನಂತೆ ಸೆಟೆದುಕೊಂಡಿತು, ಸಾಲು ಅಲ್ಲೊಮ್ಮೆ ಮುಗ್ಗರಿಸಿ ಮುಂದೆ ಹೋಯಿತು. ಯಾವ ವೇದಿಕೆಯೂ ಅವಳನ್ನು ಎರಡನೇ ಸಲ ಕರೆಯದಂತೆ ಮಾಡಿದ್ದು ಆ ಮುಗ್ಗರಿಕೆಯೇ.

"ಗೊತ್ತಾಯ್ತು ಮಿಸ್," ಎಂದು ಹುಡುಗಿ ಪಿಟೀಲನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡಳು. ಟೀಚರ್ ತೋರಿಸಿದ್ದನ್ನು ಒಮ್ಮೆ ಕೇಳಿದರೆ ಸಾಕು, ಅಚ್ಚೊತ್ತಿದಂತೆ ನುಡಿಸುವ ಹುಡುಗಿ ಅವಳು. ಈಗಲೂ ಹಾಗೆಯೇ ನುಡಿಸಿದಳು. ಮಣಿಕಟ್ಟು ಅಲ್ಲೇ ಸೆಟೆಯಿತು, ಸಾಲು ಅಲ್ಲೇ ಮುಗ್ಗರಿಸಿತು.

ಪಿಯಾನೋದವನು ತಡೆಯಲಾರದೆ ಹೇಳಿದ: "ಟೀಚರ್, ನಾಳೆ ಇವಳು ತೀರ್ಪುಗಾರರ ಮುಂದೆ ಆಯ್ಕೆಗೆ ನುಡಿಸ್ಬೇಕು. ಮೊದ್ಲು ನುಡಿಸಿದ್ದೇ ಚೆನ್ನಾಗಿತ್ತಲ್ವಾ?"

ಹುಡುಗಿ ಅವನತ್ತ ತಿರುಗಲೇ ಇಲ್ಲ. "ಈಗ ಸರಿ ಆಯ್ತಾ ಮಿಸ್?"

ಟೀಚರ್ ಅವಳ ತಲೆ ನೇವರಿಸಿದಳು.

"ಹ್ಞೂಂ ಪುಟ್ಟಾ. ನಾಳೆ ಹೀಗೇ ನುಡಿಸು."